ಆಯಿಯ ಅಂಗೈ ಮತ್ತು ಪೂರಾ ಆರಾಮ

ನಮ್ಮ ಮನೆಯ ಲಟ್ಟಣಿಗೆಗೆ ಈಗ ಎರಡು ಉದ್ಯೋಗ. ಬೆಳಿಗ್ಗೆ ಸೊಸೆಯ ಕೈಯಲ್ಲಿ ಚಪಾತಿ ಲಟ್ಟಿಸುತ್ತದೆ, ಉಳಿದ ಹೊತ್ತು ನನ್ನ ಕೈಯಲ್ಲಿ ಸುಮ್ಮನೆ ತಿರುಗುತ್ತದೆ. ಅದನ್ನು ಎಡಗೈಯಿಂದ ನಟ್ಟನಡುವೆ ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿಸುತ್ತ ಪಡಸಾಲೆಯಲ್ಲಿ ಕೂತಿರುತ್ತೇನೆ. ನೋಡಿದವರಿಗೆ ಮುದುಕಿ ಯಾರಿಗೋ ಹೊಡೆಯಲು ಕಾದಿದ್ದಾಳೆ ಅನ್ನಿಸುತ್ತದೋ ಏನೋ, ಹಾಲು ಕೊಡಲು ಬರುವಾಕೆ ಮಾತ್ರ ಕೆಲವು ವಾರದಿಂದ ಹೊಸ್ತಿಲಿನಾಚೆಯೇ ನಿಂತು ಪಾತ್ರೆ ಚಾಚುತ್ತಾಳೆ.

ಆಗಿದ್ದು ಇಷ್ಟೇ. ಕಲಬುರಗಿಯ ಈ ಮನೆಯ ಬಚ್ಚಲಿನಲ್ಲಿ ನಾನು ಕಾಲು ಜಾರಿ, ಎಂಬತ್ತರ ಮೇಲಿನ ಭಾರವನ್ನೆಲ್ಲ ಎಡಗೈ ಮೇಲೆ ಹಾಕಿ ಬಿದ್ದೆ. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು, ಇನ್ನು ಫಿಜಿಯೋಥೆರಪಿಗೆ ಹೋಗಿ ಎಂದರು. ಹೋಗುವಾಗ ಹಳೆಯ ಸೀರೆ ಉಟ್ಟುಕೊಂಡು ಹೋದೆ. ನನ್ನ ಲೆಕ್ಕದಲ್ಲಿ ಅಲ್ಲಿ ನನ್ನನ್ನು ಮಲಗಿಸುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಯಾವುದೋ ಯಂತ್ರ ಗುಂಯ್ ಎನ್ನುತ್ತದೆ, ನಾನು ಒಂದು ನಿದ್ದೆ ತೆಗೆದು ವಾಸಿಯಾಗಿ ಎದ್ದು ಬರುತ್ತೇನೆ. ಎಣ್ಣೆಯ ಕಲೆ ಹತ್ತಿದರೆ ಹತ್ತಲಿ ಎಂದೇ ಹಳೆಯ ಸೀರೆ.

ಅಲ್ಲಿದ್ದದ್ದು ಸ್ನೇಹಾ ಎಂಬ ಹುಡುಗಿ. ನನ್ನ ಮೊಮ್ಮಗಳಿಗಿಂತ ಚಿಕ್ಕವಳು. ಎಣ್ಣೆಯ ಮಾತೇ ಎತ್ತಲಿಲ್ಲ. ಕೈಯನ್ನು ಹಿಡಿದು ಮೆಲ್ಲಗೆ ಹೊರಳಿಸಿ, ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿದಳು. ಆಮೇಲೆ ಕೇಳಿದಳು, “ಅಜ್ಜಿ, ಈ ಕೈಲೆ ನಿಮಗ ಮೊದಲ ಏನು ಮಾಡ್ಬೇಕು ಅನಸ್ತದ?”

“ಲಿಂಗಪೂಜಿ ಮಾಡಬೇಕವ್ವ,” ಎಂದೆ. “ಅಂಗೈ ಮ್ಯಾಲ ಆಗವಲ್ತು.”

“ಹಂಗಾದ್ರ ನಾಳಿಗೆ ಮನಿಯಿಂದ ಒಂದು ಲಟ್ಟಣಗಿ ತರ್ರಿ.” ಹಾಗೆಂದವಳೇ ಒಂದು ಟವೆಲ್ ಮಡಚಿ ನನ್ನ ಮೊಣಕೈಗೂ ಪಕ್ಕೆಗೂ ನಡುವೆ ಸಿಕ್ಕಿಸಿ, ಇದು ಬೀಳಬಾರದು ಎಂದಳು.

ನಾನು ನಕ್ಕುಬಿಟ್ಟೆ. ಅಲ್ಲಿ ಮೊಣಕಾಲು ಮಡಚುತ್ತ ನರಳುತ್ತಿದ್ದವರೂ ನರಳುವುದನ್ನು ಬಿಟ್ಟು ನನ್ನತ್ತ ನೋಡಿದರು. “ಯಾಕ್ರಿ ಅಜ್ಜಿ?” ಎಂದಳು ಸ್ನೇಹಾ.

“ಇದೆಲ್ಲಾ ನಂಗ ಸಣ್ಣಾಕಿ ಇದ್ದಾಗೇ ಗೊತ್ತದ,” ಎಂದೆ. “ನಮ್ಮ ತಾಂಡೂರಿನ ಪೈಲ್ವಾನ ಕಲಸ್ಯಾನ.”

ಅವಳಿಗೆ ಪೂರ್ತಿ ಕಥೆ ಹೇಳಲು ಹೊತ್ತಿರಲಿಲ್ಲ, ಹೊರಗೆ ಸಾಲು ಇತ್ತು. ನಿಮಗೆ ಹೊತ್ತಿದ್ದರೆ ಹೇಳುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಮ್ಮ ಮನೆ ತಾಂಡೂರಿನಲ್ಲಿ, ಸ್ಟೇಷನ್ನಿಗೆ ಹತ್ತಿರ. ಮನೆಯೊಳಗೆ ಕನ್ನಡ, ಬಾಜಾರಿನಲ್ಲಿ ತೆಲುಗು, ಕಚೇರಿ ಮತ್ತು ಶಾಲೆಯಲ್ಲಿ ಉರ್ದು. ಮೂರನ್ನೂ ಕಲಸಿ ಮಾತಾಡುವುದು ನಮಗೆ ಊಟ ಮಾಡಿದಷ್ಟು ಸಲೀಸು. ಊರಲ್ಲಿ ಎರಡು ವಸ್ತುಗಳಿಗೆ ಕೊರತೆ ಇರಲಿಲ್ಲ, ಒಂದು ತೊಗರಿ, ಇನ್ನೊಂದು ಕಲ್ಲು. ಗಣಿಯಿಂದ ಎದ್ದು ಬಂದ ಹಾಸುಗಲ್ಲಿಗೆ ನಾವು ಫರ್ಸಿ ಎನ್ನುತ್ತಿದ್ದೆವು. ನೆಲಕ್ಕೂ ಫರ್ಸಿ, ಮೆಟ್ಟಿಲಿಗೂ ಫರ್ಸಿ, ಮಾಡಿನ ಮೇಲೂ ಫರ್ಸಿ. ಬಚ್ಚಲಿನ ಫರ್ಸಿ ನೀಲಿ ಬಣ್ಣದ್ದು, ನೋಡಲು ಬಲು ಚೆಂದ. ಒಂದು ಸೋಮವಾರ ಸೀಗೆಕಾಯಿ ಹಚ್ಚಿ ತಲೆಗೆ ಎರೆದುಕೊಂಡು ಹೊರಡುತ್ತಿದ್ದ ಆಯಿಯನ್ನು ಅದೇ ಫರ್ಸಿ ಕೆಡವಿತು.

ಆಯಿ ಎಂದರೆ ನನ್ನ ಅಪ್ಪನ ತಾಯಿ, ಗುರಮ್ಮ. ಅಪ್ಪ ತೊಗರಿಯ ಅಂಗಡಿ ನೋಡಿಕೊಳ್ಳುತ್ತಿದ್ದರೆ ಅಪ್ಪನನ್ನು ಆಯಿ ನೋಡಿಕೊಳ್ಳುತ್ತಿದ್ದಳು. ಅರವತ್ತು ದಾಟಿದ್ದರೂ ಅವಳ ಮಾತು ಮೂರು ಮನೆಯಾಚೆ ಕೇಳುತ್ತಿತ್ತು. ಬಿದ್ದು ಎಡಗೈಯ ಮಣಿಕಟ್ಟು ಮುರಿದಾಗಲೂ ಅಳಲಿಲ್ಲ. ಸೀಗೆಪುಡಿ ನೆಲಕ್ಕೆ ಚೆಲ್ಲಿದವರು ಯಾರು ಎಂದು ಅಲ್ಲಿಂದಲೇ ವಿಚಾರಣೆ ಶುರುಮಾಡಿದಳು. ಚೆಲ್ಲಿದವಳು ನಾನು. ಈ ಮಾತನ್ನು ಇವತ್ತೇ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಅಪ್ಪನಿಗೆ ಅಂಗಡಿ ಬಿಡಲಾಗದು, ಹಾಗಾಗಿ ಆಯಿಯನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ರೇವಪ್ಪ ಕಾಕಾನದ್ದು. ಕಾಕಾ ಅಪ್ಪನ ತಮ್ಮ, ಸ್ಟೇಷನ್ನಿನ ಗೂಡ್ಸ್ ಗೋದಾಮಿನಲ್ಲಿ ಗುಮಾಸ್ತ. ತನ್ನ ಉರ್ದುವಿನ ಬಗ್ಗೆ ಅವನಿಗೆ ವಿಪರೀತ ಅಭಿಮಾನ. ಎಮ್ಮೆಯನ್ನು ಕಟ್ಟುವಾಗಲೂ ‘ತಶ್ರೀಫ್’, ಅಂದರೆ ದಯಮಾಡಿಸಿ, ಎನ್ನುತ್ತಿದ್ದ. ಡಾಕ್ಟರ್ ಸಾಹೇಬರು ಹೈದರಾಬಾದಿನವರು, ಅವರದು ನಯವಾದ, ಬೇಗಬೇಗ ಓಡುವ ಉರ್ದು. ಪ್ಲಾಸ್ಟರ್ ತೆಗೆದ ದಿನ ಅವರು ಹೇಳಿದ್ದು ಇದು: “ಹಾಥ್ ಹಿಲಾತೇ ರಹಿಯೇ, ಪೂರಾ ಆರಾಮ್ ಹೋ ಜಾಯೇಗಾ.” ಕೈ ಆಡಿಸುತ್ತ ಇರಿ, ಪೂರ್ತಿ ವಾಸಿಯಾಗುತ್ತದೆ ಎಂದು. ಈ ವಾಕ್ಯ ಸಂಪೂರ್ಣವಾಗಿ ನಮ್ಮ ಮನೆಗೆ ತಲುಪಿದ್ದು ಆರು ವಾರದ ಮೇಲೆ.

ಅಂದು ನಾವೆಲ್ಲ ಬಾಗಿಲಲ್ಲಿ ಕಾದಿದ್ದೆವು. ಆಯಿ ಟಾಂಗಾದಿಂದ ಇಳಿಯುವ ಮೊದಲೇ ನನ್ನ ಅವ್ವ ಕೇಳಿದಳು, “ಡಾಕ್ಟರು ಏನಂದ್ರು?”

ಕಾಕಾ ಬೂಟು ಬಿಚ್ಚುತ್ತ ಹೇಳಿದ, “ಪೂರಾ ಆರಾಮ್ ಅಂದಾರ.”

ನಮ್ಮ ಕಡೆಯ ಈ ಆರಾಮದ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಆರಾಮ ಇದ್ದೀರೇನ್ರಿ ಎಂದರೆ ಕ್ಷೇಮವೇ ಎಂದು ಕೇಳಿದಂತೆ. ಆರಾಮಿಲ್ಲ ಎಂದರೆ ಕಾಯಿಲೆ. ಆರಾಮ ಆತು ಎಂದರೆ ವಾಸಿಯಾಯಿತು. ಆರಾಮ ಮಾಡ್ರಿ ಎಂದರೆ ಮಾತ್ರ ಎಲ್ಲ ಕೆಲಸ ಬಿಟ್ಟು ಕಾಲು ಚಾಚಿ ಮಲಗಿ ಎಂದು. ಒಂದೇ ಮಾತು, ಹಿಂದೆ ಬರುವ ಬಾಲದ ಮೇಲೆ ಅರ್ಥ. ಕಾಕಾ ಬಾಲ ಕತ್ತರಿಸಿ ತಲೆಯನ್ನಷ್ಟೇ ಮನೆಗೆ ತಂದಿದ್ದ. ಅವ್ವ ಅದಕ್ಕೆ ತನಗೆ ತಿಳಿದ ಬಾಲ ಹಚ್ಚಿದಳು, ಪೂರಾ ಆರಾಮ, ಅಂದರೆ ಕೈಗೆ ಸಂಪೂರ್ಣ ವಿಶ್ರಾಂತಿ.

ಶುರುವಾಯಿತು ನೋಡಿ ಆ ಕೈಯ ದರ್ಬಾರು. ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಕೊರಳಿಗೆ ತೂಗುಹಾಕಿದರು. ಕೂತಾಗ ಅದಕ್ಕೊಂದು ತಲೆದಿಂಬು, ಮಲಗಿದಾಗ ಎರಡು. ಊಟಕ್ಕೆ ಅವ್ವ ರೊಟ್ಟಿ ಮುರಿದು ಕೊಡುತ್ತಿದ್ದಳು, ತಲೆಯನ್ನು ನೆರೆಮನೆಯವಳು ಬಾಚುತ್ತಿದ್ದಳು. ಕೈ ನೋಡಲು ಬಂಧುಗಳು ಬಂದರು. ಜಹೀರಾಬಾದಿನ ಬೀಗರು ಬೆಲ್ಲದ ಪೆಂಟಿ ತಂದರು, ಬೆಲ್ಲ ತಿಂದರೆ ಎಲುಬು ಕೂಡುತ್ತದೆಯಂತೆ. ನಾರಾಯಣಖೇಡದ ಅತ್ತೆ, ಅಂದರೆ ಆಯಿಯ ಮಗಳು, ಗಾಡಿ ಕಟ್ಟಿಸಿಕೊಂಡು ಬಂದು ಕೈಯನ್ನು ನೋಡಿ ಹತ್ತು ನಿಮಿಷ ಅತ್ತು, ಝರಾಸಂಗದ ಸಂಗಮೇಶ್ವರನಿಗೆ ಹರಕೆ ಹೊತ್ತು, ಆಮೇಲೆ ಎಂಟು ದಿನ ಉಳಿದಳು. ಬೆಲ್ಲ ಮುಗಿಸಿದವರು ನಾವು ಮಕ್ಕಳು. ನನ್ನ ಪಾಲಿಗೆ ಅದು ಸುಖದ ಕಾಲ, ಆ ಕೈಗೆ ಇನ್ನೂ ನಾಲ್ಕು ತಿಂಗಳು ಆರಾಮ ಇರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ಆಯಿಗೆ ಮಾತ್ರ ಒಂದು ಕೊರತೆ ಇತ್ತು. ನಮ್ಮಲ್ಲಿ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ದಿನಾ ಕರಡಿಗೆಯಿಂದ ತೆಗೆದು, ಎಡ ಅಂಗೈ ಮೇಲೆ ಇಟ್ಟುಕೊಂಡು, ಕಣ್ಣಿನ ನೇರಕ್ಕೆ ಹಿಡಿದು ಪೂಜೆ ಮಾಡಬೇಕು. ಅದಾಗುವವರೆಗೆ ಆಯಿ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಈಗ ಆ ಅಂಗೈ ದಿಂಬಿನ ಮೇಲಿತ್ತು. ಮಠದ ಅಯ್ಯನವರು ಬಂದು, ಕೈ ಆರಾಮ ಆಗುವ ತನಕ ಹಿತ್ತಾಳೆಯ ಪೀಠದ ಮೇಲಿಟ್ಟು ಪೂಜೆ ಮಾಡಿರಿ, ದೋಷವಿಲ್ಲ ಎಂದು ಹೇಳಿಹೋಗಿದ್ದರು. ಆಯಿ ಹಾಗೇ ಮಾಡುತ್ತಿದ್ದಳು, ಆದರೆ ಬಿಗಿದ ಮುಖದಿಂದ. “ಪೀಠದ ಮ್ಯಾಲ ಕೂತಾಗ ದೇವರು ಯಾರ ಮನ್ಯಾಗೋ ಇದ್ದಂಗ ಅನಸ್ತದ,” ಎನ್ನುತ್ತಿದ್ದಳು. ಅದರ ಮೇಲೆ ಬರುವ ಶ್ರಾವಣದ ಮೊದಲ ಸೋಮವಾರ ನನ್ನ ಲಿಂಗದೀಕ್ಷೆ ಎಂದು ನಿಶ್ಚಯವಾಗಿತ್ತು. ಮನೆಯ ಹೆಣ್ಣುಮಕ್ಕಳಿಗೆಲ್ಲ ಪೂಜೆ ಕಲಿಸಿದವಳು ಆಯಿ, ಪಕ್ಕದಲ್ಲಿ ಕೂತು, ತನ್ನ ಅಂಗೈ ತೋರಿಸಿ. ನನಗೂ ಹಾಗೇ ಕಲಿಸಬೇಕು ಎಂಬುದು ಅವಳ ಹಟ.

ಆರು ವಾರ ಆರಾಮ ಮಾಡಿದ ಮೇಲೆ ಒಂದು ಬೆಳಿಗ್ಗೆ ಆಯಿ ಕೊರಳ ಜೋಳಿಗೆ ಬಿಚ್ಚಿ, ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು. ಎಡಗೈ ಮುಂದೆ ಚಾಚಿದಳು. ಅಂಗೈ ಮೇಲಕ್ಕೆ ತಿರುಗಲಿಲ್ಲ. ಹೆಬ್ಬೆರಳು ಆಕಾಶ ನೋಡುತ್ತ, ಅಂಗೈ ಪಕ್ಕದ ಗೋಡೆ ನೋಡುತ್ತ, ಕೈ ಹಾಗೇ ನಿಂತಿತು. ಬಲಗೈಯಿಂದ ಹಿಡಿದು ತಿರುವಿದಳು, ತುಟಿ ಕಚ್ಚಿದಳು, ಇನ್ನೊಮ್ಮೆ ತಿರುವಿದಳು. ಗೋಡೆಗೆ ಲಿಂಗ ಇಡಲಾದೀತೆ? ಆಮೇಲೆ ಆಯಿ ಅತ್ತಳು. ಬಿದ್ದಾಗ ಅಳದವಳು, ಅಜ್ಜ ತೀರಿಕೊಂಡಾಗ ಬಂದವರಿಗೆಲ್ಲ ತಾನೇ ಸಮಾಧಾನ ಹೇಳಿದವಳು, ಸದ್ದಿಲ್ಲದೆ ಅತ್ತಳು. ಬೆಲ್ಲಕ್ಕಾಗಿ ಬೇಡಿಕೊಂಡಿದ್ದೆಲ್ಲ ವಾಪಸು ತೆಗೆದುಕೊಂಡೆ.

ಮತ್ತೆ ಟಾಂಗಾ, ಮತ್ತೆ ದವಾಖಾನೆ, ಈ ಸಲ ನಾನೂ ಜೊತೆಗೆ. ಡಾಕ್ಟರು ಕೈ ನೋಡಿ, ದಿನಕ್ಕೆ ಎಷ್ಟು ಸಲ ಆಡಿಸಿದಿರಿ ಎಂದು ಕೇಳಿದರು. ಕಾಕಾ ಎದೆಯುಬ್ಬಿಸಿ, “ಬಿಲ್ಕುಲ್ ನಹೀಂ ಸಾಬ್,” ಒಮ್ಮೆಯೂ ಅಲುಗಾಡಿಸಿಲ್ಲ ಎಂದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲ ದಿನದ ವಾಕ್ಯವನ್ನು ಈ ಸಲ ನಿಧಾನವಾಗಿ, ಬಾಲ ಸಮೇತ, ಮೂರು ಸಲ ಹೇಳಿದರು. ಎಲುಬು ಕೂಡಿದೆ, ಕೀಲು ಬಿಗಿದಿದೆ, ಇದಕ್ಕೆ ಔಷಧ ಇಲ್ಲ, “ರೋಜ್ ಕಸರತ್ ಕರಾವ್” ಎಂದರು.

“ಈಗೇನಂದ್ರು?” ಎಂದಳು ಅವ್ವ ಬಾಗಿಲಲ್ಲಿ.

“ದಿನಾ ಕಸರತ್ ಮಾಡ್ಬೇಕಂತ.”

“ಯಾರು?”

“ಯಾರು ಅಂದ್ರ? ಆಯಿ.”

ತಾಂಡೂರಿನಲ್ಲಿ ಕಸರತ್ತು ಎಂದರೆ ಒಂದೇ ಜಾಗ, ಖಾಸಿಂ ಉಸ್ತಾದನ ತಾಲೀಮು. ಕುಸ್ತಿಯ ಗರಡಿಗೆ ನಮ್ಮಲ್ಲಿ ತಾಲೀಮು ಎನ್ನುತ್ತಾರೆ. ಅಲ್ಲಿ ಪೈಲ್ವಾನರು ಕೆಮ್ಮಣ್ಣು ಮೈಗೆ ಬಳಿದುಕೊಂಡು ತೊಡೆ ತಟ್ಟುತ್ತಾರೆ. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನಂತೂ ಆಯಿ ಕಚ್ಚೆ ಬಿಗಿದು ಕೆಮ್ಮಣ್ಣಿಗೆ ಇಳಿಯುವುದನ್ನು, ಎದುರಾಳಿಗೆ ಹಿಗ್ಗಾಮುಗ್ಗಾ ಬೈಯುವುದನ್ನು ಕಣ್ತುಂಬ ಕಂಡೆ. ಗೆಲ್ಲುವುದು ಆಯಿಯೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಕಾಕಾ ತಾಲೀಮಿಗೆ ಹೋಗಿ ಏನು ಹೇಳಿದನೋ, ಮರುದಿನ ಉಸ್ತಾದನೇ ನಮ್ಮ ಮನೆಗೆ ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು, ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾಗಿದ್ದವು. ಅರ್ಧ ಊರಿನ ಕೀಲುಗಳು ಅವನ ಕೈಯಲ್ಲಿ ಸರಿಯಾದವು. ಅವ್ವ ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಹಳೆಯ ಚಾಪೆ ಹಾಸಿ ಸಿದ್ಧವಾಗಿದ್ದಳು.

“ಎಣ್ಣಿ ಒಗ್ಗರಣಿಗೆ ಇಡ್ರಿ ಅಕ್ಕೋರೆ,” ಎಂದ ಉಸ್ತಾದ. “ನಂಗ ಬಿಸಿನೀರು ಬೇಕು. ಮತ್ತ ಒಂದು ಲಟ್ಟಣಗಿ.”

ಲಟ್ಟಣಿಗೆ ಎಂದದ್ದೇ ಅವ್ವ ಬೆಚ್ಚಿ ಕಾಕಾನ ಮುಖ ನೋಡಿದಳು. ಮುರಿದು ಮತ್ತೆ ಕೂಡಿಸುತ್ತಾನೆ ಎಂದುಕೊಂಡಳಂತೆ.

ಬಿಸಿನೀರಿನಲ್ಲಿ ಕೈಯನ್ನು ಸ್ವಲ್ಪ ಹೊತ್ತು ಇರಿಸಿ, ಒರೆಸಿ, ಉಸ್ತಾದ ಆಯಿಯ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿದ. ಆಯಿಯ ಹುಬ್ಬು ಗಂಟಾದ ಕಡೆ ನಿಲ್ಲಿಸಿದ. “ಇಲ್ಲಿಗೆ ಹದ್ದು. ಇನ್ನ ಮ್ಯಾಲ ನಾ ಮುಟ್ಟಂಗಿಲ್ಲ.”

“ಮತ್ತ ನೀ ಯಾಕ ಬಂದೀದಿ?” ಎಂದಳು ಆಯಿ.

“ದಾರಿ ತೋರ್ಸಾಕ. ನಾ ಹಿಡಿದು ತಿರುಗಿಸಿದ್ರ ನನ್ನ ಕೈ ತಿರಗ್ತದ ಆಯಿ, ನಿಮ್ದು ಅಲ್ಲ. ದಿನಕ್ಕ ಮೂರು ಹೊತ್ತು ನೀವೇ ಮಾಡ್ಬೇಕು. ನಾ ಎಂಟು ದಿನಕ್ಕೊಮ್ಮೆ ಬಂದು ನೋಡ್ತೀನಿ.”

ಲಟ್ಟಣಿಗೆಯನ್ನು ನಡುವೆ ಹಿಡಿಸಿ, ಅದರ ಭಾರಕ್ಕೇ ಕೈ ತಾನಾಗಿ ಹೊರಳುವುದನ್ನು ತೋರಿಸಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದಿನವೂ ಅಡುಗೆಮನೆಯಲ್ಲಿ ಬಿದ್ದಿರುವ ಕಟ್ಟಿಗೆಗೆ ಇಷ್ಟು ಬುದ್ಧಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ನೋವಿನ ಬಗ್ಗೆಯೂ ಅವನು ಒಂದು ಮಾತು ಹೇಳಿದ. ಅದನ್ನು ಈಚೆಗೆ ಸ್ನೇಹಾಳ ಬಾಯಲ್ಲಿ ಕೇಳಿ ರೋಮಾಂಚನವಾಯಿತು. “ಬ್ಯಾನಿ ಎರಡು ತರ ಇರ್ತದ ಆಯಿ. ಜಗ್ಗಿದಾಗ ಆಗ್ತದ, ಬಿಟ್ಟ ಕೂಡ್ಲೇ ಹೋಗ್ತದ, ಅದು ನಮ್ಮ ದೋಸ್ತ. ಅದಕ್ಕ ಅಂಜಬ್ಯಾಡ್ರಿ. ಸಂಜಿತನಾ ಕೂತಿತ್ತಂದ್ರ ನೀವು ಜಾಸ್ತಿ ಮಾಡೀರಿ ಅಂತ ತಿಳೀರಿ. ಮರುದಿನ ಅರ್ಧ ಮಾಡ್ರಿ. ಆದ್ರ ಬಿಡಬ್ಯಾಡ್ರಿ.”

ಎಂಟು ದಿನ ಕಳೆದು ಅವನು ಬಂದಾಗ ಆಯಿ ಹೆಮ್ಮೆಯಿಂದ ಕೈ ಚಾಚಿದಳು. ಅಂಗೈ ಸುಮಾರು ಮೇಲಕ್ಕೆ ಬಂದಿತ್ತು. ನಾವೆಲ್ಲ ಹಿಗ್ಗಿದೆವು. ಉಸ್ತಾದ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. “ಆಯಿ, ಕೈ ತಿರುಗಿಸ್ರಿ ಅಂದ್ರ ಮೈ ತಿರುಗಿಸ್ತೀರಿ. ನೋಡ್ರಿ, ನೀವೇ ಪೂರಾ ಎಡಕ್ಕ ವಾಲೀರಿ.” ನಿಜ. ಕೈಗೆ ಬಾರದ್ದನ್ನು ಆಯಿ ಸೊಂಟ, ಭುಜ, ಕುತ್ತಿಗೆ ಎಲ್ಲ ಸೇರಿಸಿ ತಂದಿದ್ದಳು. ಉಸ್ತಾದ ತನ್ನ ಹೆಗಲ ಮೇಲಿನ ವಸ್ತ್ರವನ್ನು ಮಡಚಿ ಆಯಿಯ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟ. “ಇದು ಬಿತ್ತಂದ್ರ ಮೋಸ ಆತು ಅಂತ.”

ನೆಟ್ಟಗೆ ಕೂತಾಗ ಅಂಗೈ ಮತ್ತೆ ಗೋಡೆ ನೋಡಿತು. ಉಸ್ತಾದ ಅದರ ಮೇಲೆ ಒಂದು ಹಿಡಿ ತೊಗರಿ ಕಾಳು ಸುರಿದ. ಎಲ್ಲ ಜಾರಿ, ಬೆರಳ ಸಂದಿಯಲ್ಲಿ ಮೂರು ಉಳಿದವು. “ಇವತ್ತಿಗೆ ಮೂರು,” ಎಂದ. “ಹಿಡಿ ತುಂಬಾ ನಿಂತ ದಿನ ಲಿಂಗ ನಿಂದರ್ತದ.”

ಅಂದಿನಿಂದ ನಮ್ಮ ಮನೆಯಲ್ಲಿ ಕಾಳು ಎಣಿಸುವ ಸಂಭ್ರಮ. ಸಂಜೆ ದೀಪ ಹಚ್ಚುವ ಮೊದಲು ಆಯಿ ಜಗಲಿ ಮೇಲೆ ಕೂರುವುದು, ನಾವು ಸುತ್ತ ನಿಲ್ಲುವುದು, ಅವ್ವ ಕಾಳು ಸುರಿಯುವುದು. ಐದು. ಏಳು. ಒಮ್ಮೆ ಒಂಬತ್ತು ನಿಂತ ದಿನ ಕಾಕಾ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಬಶೀರಾಬಾದಿನಿಂದ ತೊಗರಿ ಮಾರಲು ಬಂದ ರೈತರೊಬ್ಬರು, ಇದು ನಮ್ಮ ಹೊಲದ ಕಾಳು, ದುಂಡಗಿರ್ತಾವ, ಜಾರ್ತಾವ, ಕಡಲೆ ಹಾಕಿ ನೋಡ್ರಿ ಎಂದು ಸಲಹೆ ಕೊಟ್ಟರು. ಕಡಲೆ ಹಾಕಿದರೆ ಮೋಸವಾಗುತ್ತದೆ ಎಂದು ಆಯಿ ಒಪ್ಪಲಿಲ್ಲ.

ಹನ್ನೊಂದಕ್ಕೆ ಬಂದು ಲೆಕ್ಕ ನಿಂತುಹೋಯಿತು. ಒಂದು ವಾರ ಹನ್ನೊಂದು, ಎರಡನೆಯ ವಾರವೂ ಹನ್ನೊಂದು. ಶ್ರಾವಣ ಹತ್ತಿರ ಬರುತ್ತಿತ್ತು. ಒಂದು ಸಂಜೆ ಹತ್ತೇ ಕಾಳು ನಿಂತಾಗ ಆಯಿ ಲಟ್ಟಣಿಗೆಯನ್ನು ಅಂಗಳಕ್ಕೆ ಎಸೆದಳು. “ಸಾಕು. ಇದು ಬರೂ ಕೈ ಅಲ್ಲ. ಪಾರೂಗ ಅವರವ್ವನೇ ಕಲಸ್ಲಿ.” ಪಾರೂ ಎಂದರೆ ನಾನು. ಲಟ್ಟಣಿಗೆಯನ್ನು ಹೆಕ್ಕಿ ತಂದು ಒರೆಸಿ ಇಟ್ಟೆ. ಆಯಿ ನನ್ನ ಕಡೆ ನೋಡಲಿಲ್ಲ. ಅವಳಿಂದ ಕಲಿಯದೆ ಪೂಜೆಗೆ ಕೂರುವುದು ನನಗೂ ಬೇಡವಾಗಿತ್ತು.

ಮರುದಿನ ಮುಂಜಾನೆ ಉಸ್ತಾದ ಬಂದ. ಕಾಕಾ ಹೇಳಿ ಕಳಿಸಿದ್ದನೋ ಏನೋ. ಕೈಯ ಸುದ್ದಿಯನ್ನೇ ಎತ್ತದೆ ಕಟ್ಟೆ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಆಮೇಲೆ ಕೇಳಿದ, “ಆಯಿ, ಇವತ್ತ ನಿಮ್ಮ ತುರುಬು ಯಾರು ಕಟ್ಟಿದ್ರು?”

“ಯಾರು ಕಟ್ಟತಾರ? ನಾನೇ.”

“ಎರಡೂ ಕೈಲೆ?”

ಆಯಿ ಬಲಗೈಯಿಂದ ತುರುಬನ್ನು ಮುಟ್ಟಿ ನೋಡಿಕೊಂಡಳು.

“ಸೀರಿ ಹಿಂಡಿದವರು ಯಾರು? ಪೆಟಿಗಿ ಕೀಲಿ ತೆಗದವರು ಯಾರು?” ಉಸ್ತಾದ ಕೇಳುತ್ತ ಹೋದ. ಎಲ್ಲಕ್ಕೂ ಉತ್ತರ ಆಯಿಯೇ. ನೆರೆಮನೆಯವಳು ತಲೆ ಬಾಚಲು ಬರುವುದನ್ನು ಬಿಟ್ಟು ಎಷ್ಟು ದಿನವಾಯಿತೆಂದು ನಮಗಾರಿಗೂ ನೆನಪಿರಲಿಲ್ಲ. ನಾವು ಕಾಳು ಎಣಿಸುತ್ತ ಕೂತಾಗ ಕೈ ತನ್ನ ಪಾಡಿಗೆ ತಾನು ಮನೆಗೆಲಸಕ್ಕೆ ಹಿಂತಿರುಗಿತ್ತು.

“ಕಾಳು ನಿಂತಾವ ಅಂತ ಕೈ ನಿಂತಿಲ್ಲ ಆಯಿ,” ಎಂದ ಉಸ್ತಾದ.

ಆಯಿ ನನ್ನನ್ನು ಕರೆದು ಲಟ್ಟಣಿಗೆ ಕೇಳಿದಳು. ನಾನು ಒಂದೇ ಓಟಕ್ಕೆ ತಂದುಕೊಟ್ಟೆ.

ಕಾಳುಗಳು ಮತ್ತೆ ಏರಿದವು. ಹದಿನೈದು, ಇಪ್ಪತ್ತು, ಆಮೇಲೆ ಎಣಿಸುವುದು ಬಿಟ್ಟೆವು. ಆದರೆ ಹಿಡಿ ತುಂಬ ನಿಲ್ಲಲಿಲ್ಲ, ಹೆಬ್ಬೆರಳಿನ ಕಡೆ ಅಂಗೈ ಇನ್ನೂ ತುಸು ಎತ್ತರವೇ ಇತ್ತು. ದೀಕ್ಷೆಗೆ ಎರಡು ದಿನ ಇದ್ದಾಗ ಆಯಿ ಉಸ್ತಾದನ ಎದುರು ಖಾಲಿ ಕರಡಿಗೆಯನ್ನು ಅಂಗೈ ಮೇಲಿಟ್ಟು ತೋರಿಸಿದಳು. ಅದು ಮೆಲ್ಲಗೆ ಕಿರುಬೆರಳಿನ ಕಡೆ ಸರಿಯಿತು.

“ಸುಳ್ಳು ಹೇಳಂಗಿಲ್ಲ ಆಯಿ,” ಎಂದ ಅವನು. “ರೂಪಾಯಿದಾಗ ಹದ್ನಾಕಾಣೆ ಬಂದದ. ಉಳದ ಎರಡಾಣೆ ಬರ್ತದೋ ಇಲ್ಲೋ ನಂಗ ಗೊತ್ತಿಲ್ಲ. ಭಾಳ ದಿನ ಕೈ ಸುಮ್ಮನ ಕೂತಿತ್ತು.”

ಕಾಕಾ ಎದ್ದು ಒಳಗೆ ಹೋದ.

“ಮತ್ತ ಲಿಂಗ ಜಾರ್ತದಲ್ಲೋ ಖಾಸಿಮಾ?”

ಉಸ್ತಾದ ಅವಳ ಮೊಣಕೈಯ ಕೆಳಗಿನ ವಸ್ತ್ರವನ್ನು ಎಳೆದು ತೆಗೆದು ತನ್ನ ಹೆಗಲ ಮೇಲೆ ಹಾಕಿಕೊಂಡ. “ಇಷ್ಟು ದಿನಾ ಬ್ಯಾಡ ಬ್ಯಾಡ ಅಂದಿದ್ದು ಇನ್ನ ಮಾಡ್ರಿ. ಹದ್ನಾಕಾಣೆ ಕೈ ಕೊಡ್ಲಿ, ಎರಡಾಣೆ ಮೈ ಕೊಡ್ಲಿ.”

ಆಯಿ ಎಡಕ್ಕೆ ತುಸುವೇ ವಾಲಿದಳು. ಕರಡಿಗೆ ಅಂಗೈ ನಡುವೆ ಅಲ್ಲಾಡದೆ ಕೂತಿತು.

ಶ್ರಾವಣ ಸೋಮವಾರ ಬಂತು. ಅಯ್ಯನವರು ಮಂತ್ರ ಹೇಳಿ ನನ್ನ ಕೊರಳಿಗೆ ಲಿಂಗ ಕಟ್ಟಿದರು. ಆಮೇಲೆ ಆಯಿಯ ಬಲಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಆಯಿ ತನ್ನ ಲಿಂಗವನ್ನು ತೆಗೆದು ಅಂಗೈ ಮೇಲಿಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ. ಕಣ್ಣಿನ ನೇರಕ್ಕೆ ಎತ್ತಿದಳು. ಬಲಗೈಯಿಂದ ಬಿಲ್ವಪತ್ರೆ ಇಟ್ಟಳು, ಲಿಂಗ ಜಾರಲಿಲ್ಲ. ಅವಳ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ. “ನಾ ಹ್ಯಾಂಗ ಮಾಡ್ತೀನಿ, ಹಂಗ ಮಾಡು,” ಎಂದಳು ಮೆಲ್ಲಗೆ. ನಾನು ಹಾಗೇ ಮಾಡಿದೆ.

ಪೂಜೆ ಮುಗಿಸಿ ಆಯಿ ಹೊರಗೆ ಬಂದಾಗ ಉಸ್ತಾದ ಕಟ್ಟೆ ಮೇಲೆ ಕೂತು ಮೂರನೆಯ ಹೋಳಿಗೆ ಮುರಿಯುತ್ತಿದ್ದ. ಆಯಿ ಅಂಗೈ ಅವನ ಮುಂದೆ ಚಾಚಿ, “ಖಾಸಿಮಾ, ಪೂರಾ ಆರಾಮ ಆತು ನೋಡಪಾ,” ಎಂದಳು.

“ಆತಲ್ಲ? ಹಂಗಂತ ಮತ್ತ ಆರಾಮ ಮಾಡ್ಬ್ಯಾಡ್ರಿ,” ಎಂದ ಉಸ್ತಾದ. ಬಾಗಿಲ ಹಿಂದೆ ನಿಂತಿದ್ದ ಕಾಕಾನೂ ನಕ್ಕ.

ಕೀರ್ತಿ ಯಾರದ್ದು ಎಂಬ ಜಗಳ ಬಹಳ ವರ್ಷ ನಡೆಯಿತು. ನಾರಾಯಣಖೇಡದ ಅತ್ತೆ ಝರಾಸಂಗದ ಹರಕೆಯದು ಎಂದಳು, ಜಹೀರಾಬಾದಿನ ಬೀಗರು ಬೆಲ್ಲದ್ದು ಎಂದರು. ಕಾಕಾ ತಾನು ಹೇಳಿದ ಮಾತು ಮೊದಲಿನಿಂದಲೂ ಸರಿಯೇ ಇತ್ತು, ಕೇಳಿದವರ ಕಿವಿ ಸರಿ ಇರಲಿಲ್ಲ ಎಂದು ಸಾಯುವವರೆಗೂ ವಾದಿಸಿದ.

ಈ ಲಟ್ಟಣಿಗೆ ಅದೇ ಲಟ್ಟಣಿಗೆ ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ಇದು ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಕೊಂಡದ್ದು. ಆಯಿಯಿಂದ ನನಗೆ ಉಳಿದದ್ದು ಬೇರೆ.

ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ ನಾನು ಪೂಜೆಗೆ ಕೂತಿದ್ದೆ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿ, “ಯಾಕವ್ವ, ಸೊಂಟ ಹಿಡದದೇನು? ಎಡಕ್ಕ ಯಾಕ ವಾಲೀದಿ?” ಎಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಲಿಂಗಪೂಜೆ ಎಂದರೆ ಎಡಕ್ಕೆ ತುಸು ವಾಲಿಯೇ ಮಾಡುವುದು ಎಂದು ನಾನು ತಿಳಿದಿದ್ದೆ. ತವರಿಗೆ ಹೋದಾಗ ನೋಡಿದರೆ ನನ್ನ ತಂಗಿಯರಿಬ್ಬರೂ ವಾಲುತ್ತಿದ್ದರು, ಅವರೂ ಕಲಿತದ್ದು ಆಯಿಯಿಂದಲೇ. ನಾವು ಮೂವರೂ ಸಾಲಾಗಿ ಪೂಜೆಗೆ ಕೂತರೆ ಮನೆಯೇ ಒಂದು ಕಡೆ ಕುಸಿದಂತೆ ಕಾಣುತ್ತಿತ್ತು.

ಮೊನ್ನೆ ಸ್ನೇಹಾಳ ಹತ್ತಿರ ನನ್ನ ಕೊನೆಯ ದಿನ. ಅಂಗೈ ಪೂರ್ತಿ ಮೇಲಕ್ಕೆ ಬರುತ್ತದೆ, ಹದಿನಾರಾಣೆ. ಮೊದಲ ದಿನದಿಂದ ಆಡಿಸಿದ ಕೈ. ಅವಳು ಒಂದು ಸಣ್ಣ ಚೆಂಡನ್ನು ಅಂಗೈ ಮೇಲಿಟ್ಟು, ಅಜ್ಜಿ, ಪೂಜೆಗೆ ಹಿಡಿದಂತೆ ಹಿಡಿಯಿರಿ ಎಂದಳು. ಹಿಡಿದೆ.

“ಮತ್ತ ವಾಲಿದ್ರಿ,” ಎಂದಳು. “ಈಗ ವಾಲೋದು ಬ್ಯಾಡ್ರಿ ಅಜ್ಜಿ. ಕೈನೇ ಪೂರಾ ಬರ್ತದ. ನೆಟ್ಟಗ ಕೂಡ್ರಿ.”

ಕೂತೆ. ಚೆಂಡು ನೆಟ್ಟಗೆ ನಿಂತಿತು. ಸ್ನೇಹಾ ಚಪ್ಪಾಳೆ ತಟ್ಟಿದಳು, ನಾನೂ ನಕ್ಕು ಅವಳಿಗೆ ನಮಸ್ಕಾರ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಪೂಜೆಗೆ ನೆಟ್ಟಗೇ ಕೂತೆ. ಲಿಂಗ ಅಂಗೈ ನಡುವೆ ಅಲ್ಲಾಡದೆ ಇತ್ತು. ಎಲ್ಲ ಸರಿಯಾಗಿತ್ತು, ಆದರೆ ಎಡಪಕ್ಕದಲ್ಲಿ ಕೂತವರು ಯಾರೋ ಎದ್ದುಹೋದಂತೆ ಅನ್ನಿಸಿತು. ಕಣ್ಣು ಮುಚ್ಚಿ ಎರಡಾಣೆಯಷ್ಟು ಎಡಕ್ಕೆ ವಾಲಿದೆ. ಆಯಿ ಬಂದು ಕೂತಳು.